ಪದಚರ್ಚೆ: ಕ್ಯಾನ್ವಾಸಿಗೆ ಬಳಿಯುವ ‘ಪ್ರೈಮರ್’ಗೆ ಏನನ್ನೋಣ? ನಾಳೆ ಸಂಜೆಯೊಳಗೆ ಬೇಕು

ಗೆಳೆಯರೇ,

ಬರುವ ಭಾನುವಾರ ಮೈಸೂರಿನ ಸರಸ್ವತಿಪುರದಲ್ಲಿ ಒಂದು ದಿನದ ಎಣ್ಣೆಬಣ್ಣದ ಶಿಬಿರ ಇಟ್ಟುಕೊಂಡಿದ್ದೇವೆ. ಬರೆಯುವುದು ಬೆಟ್ಟದ ನೋಟ. ಬರುವವರು 14 ಜನ, ಹೆಚ್ಚಿನವರು ಇದುವರೆಗೆ ನೀರುಬಣ್ಣ ಮಾತ್ರ ಮುಟ್ಟಿದವರು. ಅವರಿಗೆ ಕೊಡುವ ತಯಾರಿ ಚೀಟಿ ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

“ಕ್ಯಾನ್ವಾಸಿಗೆ ಎರಡು ಸಲ ______ ಬಳಿದು, ಇಡೀ ಒಂದು ದಿನ ಒಣಗಿಸಿ ತನ್ನಿ.” ಅಂಗಡಿಯವರು ಇದಕ್ಕೆ ಪ್ರೈಮರ್ ಅಂತಲೋ ಜೆಸ್ಸೊ ಅಂತಲೋ ಅನ್ನುತ್ತಾರೆ. ಕೆಲಸ ಏನು ಅಂತ ಹೇಳಿದರೆ ಪದ ಹೊಳೆದೀತು: ಬರಿ ಬಟ್ಟೆಯ ಮೇಲೆ ಬಣ್ಣ ಹಾಕಿದರೆ ಬಟ್ಟೆ ಎಣ್ಣೆ ಕುಡಿಯುತ್ತದೆ, ವರ್ಷ ಕಳೆದಂತೆ ನಾರು ಪೆಡಸಾಗಿ ಮುರಿಯುತ್ತದೆ. ಲಿನನ್ ಬಟ್ಟೆಯದಂತೂ ತಮಾಷೆ. ನಾರೂ ಅಗಸೆ ಗಿಡದ್ದು, ಎಣ್ಣೆಯೂ ಅದೇ ಗಿಡದ ಬೀಜದ್ದು, ಆದರೂ ಒಂದಕ್ಕೊಂದು ಆಗಿಬರುವುದಿಲ್ಲ.

ಇನ್ನು, ಬಣ್ಣಕ್ಕೆ ಬೆರೆಸುವ ‘ಅಗಸೆ ಎಣ್ಣೆ’ ಅಂದರೆ ಇಲ್ಲಿಯವರಿಗೆ ತಿಳಿಯುತ್ತದೆಯೇ? ಹೋದ ಸಲ ಒಬ್ಬರು “ಸೊಪ್ಪಿನ ಮರದ್ದಾ?” ಅಂದರು.

ಕೊನೆಯದು, ಬೆಟ್ಟದ ರಿಡ್ಜ್. ಕೋಡು, ಶಿಖರ ಬೇಡ. ತುದಿಯಲ್ಲ ನಾನು ಕೇಳುತ್ತಿರುವುದು. ಬಿಸಿಲು ಒಂದು ಕಡೆ ನೆರಳು ಒಂದು ಕಡೆ ಮಾಡಿಕೊಂಡು ಇಳಿದುಬರುವ ಉದ್ದನೆಯ ಗೆರೆ.

*
ಮರು (ಅಗ್ರಹಾರದ ಮೇಷ್ಟ್ರು):

ಪದ ಇದೆ. ವಜ್ರಲೇಪ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲೇ ಮಾನಸೋಲ್ಲಾಸದಲ್ಲಿ ಚಿತ್ರಕ್ಕೆ ಗೋಡೆ ಅಣಿಮಾಡುವ ಕ್ರಮ ಹೇಳಿದ್ದಾನೆ. ಎಮ್ಮೆಯ ಚರ್ಮವನ್ನು ಬೆಣ್ಣೆಯಂತಾಗುವವರೆಗೆ ಬೇಯಿಸಿ ತೆಗೆದ ಅಂಟು, ಅದಕ್ಕೆ ಬಿಳಿಮಣ್ಣು. ಯುರೋಪಿನವರು ಕ್ಯಾನ್ವಾಸಿಗೆ ಮೊಲದ ಚರ್ಮದ ಅಂಟು ಬಳಿಯುತ್ತಿದ್ದದ್ದೂ ಇಂಥದ್ದೇ ಕೆಲಸಕ್ಕೆ. ನಮ್ಮ ದೊರೆ ಬರೆದಿಟ್ಟ ಪದ ಇರುವಾಗ ಇಟಲಿಯ ಜೆಸ್ಸೊ ಯಾಕೆ?

*
ಮರು (ಮಂಡ್ಯದಿಂದ):

ವಜ್ರವೂ ಕನ್ನಡವಲ್ಲ, ಲೇಪವೂ ಕನ್ನಡವಲ್ಲ. ಮೇಷ್ಟ್ರು ಇಟಲಿಯ ಮೇಲೆ ಯಾಕೆ ಹರಿಹಾಯುತ್ತಾರೋ ತಿಳಿಯದು. ಬಳಿ, ಪೂಸು, ಮೆತ್ತು, ತೊಡೆ, ಸಾರಿಸು, ಹಚ್ಚು ಇಷ್ಟೆಲ್ಲ ಇರುವ ನುಡಿ ನಮ್ಮದು. ‘ಅಡಿಬಳಿಕೆ’ ಅನ್ನಿ, ಮುಗಿಯಿತು. ತೈಲವರ್ಣ ಅನ್ನದೆ ಎಣ್ಣೆಬಣ್ಣ ಅಂದಿರಿ, ಮೆಚ್ಚಿದೆ. ಆದರೆ ಕ್ಯಾನ್ವಾಸನ್ನು ಯಾಕೆ ಉಳಿಸಿಕೊಂಡಿರಿ? ಅದರ ಬೇರು ಲ್ಯಾಟಿನ್ನಿನ ಕ್ಯಾನಬಿಸ್, ಅಂದರೆ ನಾರಿನ ಗಿಡ. ನಮ್ಮಲ್ಲಿ ಸೆಣಬು ಇದೆ. ‘ಸೆಣಬಟ್ಟೆ’ ಅನ್ನಬಹುದು.

*
ಮರು (ಮೇಷ್ಟ್ರು):

ಎಣ್ಣೆ ಸರಿ. ಬಣ್ಣ ಎಲ್ಲಿಂದ ಬಂತು? ವರ್ಣದಿಂದ. ಹೆಚ್ಚು ಹೇಳುವುದಿಲ್ಲ.

*
ಮರು (ಕೇಳಿದವಳು):

ಸೆಣಬಟ್ಟೆ ಅಂತ ಅಚ್ಚು ಹಾಕಿಸಿದರೆ ಭಾನುವಾರ 14 ಗೋಣಿಚೀಲ ಬರುತ್ತವೆ. ಈಗ ಅಂಗಡಿಯಲ್ಲಿ ಸಿಗುವ ಕ್ಯಾನ್ವಾಸ್ ಬಹುಪಾಲು ಹತ್ತಿಯದ್ದು. ವಜ್ರಲೇಪ ಕೊಡಿ ಅಂದರೆ ಹಾರ್ಡ್‌ವೇರ್ ಅಂಗಡಿಯವನು ನಲ್ಲಿಗೆ ಮೆತ್ತುವ ಎಂಸೀಲ್ ಕೊಟ್ಟು ಕಳಿಸುತ್ತಾನೆ. ದಯವಿಟ್ಟು ಖಾಲಿ ಜಾಗ ತುಂಬಿಸಿ.

*
ಮರು (ಮೈಸೂರು ಶೈಲಿಯ ಚಿತ್ರ ಬರೆಯುವವನು):

ನಮ್ಮ ಕೆಲಸದಲ್ಲಿ ಚಿನ್ನದ ರೇಕು ಅಂಟಿಸೋ ಮುಂಚೆ ಒಡವೆ, ಕಂಬ ಎಲ್ಲ ಉಬ್ಬಿಸೋದಕ್ಕೆ ಒಂದು ಹದ ಮಾಡ್ಕೋತೀವಿ: ಮಕ್ಕಿ ಸಫೇದ ಅನ್ನೋ ಬಿಳಿ ಪುಡಿ, ರೇವಣಚಿನ್ನಿ ಹಾಲು ಅನ್ನೋ ಹಳದಿ ಮರದಂಟು, ಮತ್ತೆ ಅಂಟು. ಇಂಗ್ಲಿಷಿನಲ್ಲಿ ಬರೆಯೋರು ಅದನ್ನೂ ಜೆಸ್ಸೊ ಅಂತಲೇ ಬರೀತಾರೆ. ಆದರೆ ಅದು ಉಬ್ಬುಗೆಲಸದ್ದು, ಇಡೀ ಹಲಗೆಗೆ ಬಳಿಯೋದಲ್ಲ. ಆ ಪದ ಇಲ್ಲಿಗೆ ಎಳೀಬೇಡಿ ಅಂತ ಮೊದಲೇ ಹೇಳ್ತಿದ್ದೀನಿ.

*
ಮರು (ಮಂಡ್ಯ):

ಸಫೇದ ಪಾರಸಿ.

*
ಮರು (ಮೈಸೂರು ಶೈಲಿಯವನು):

ಹೌದು. ಹಲಗೆಗೆ ಇನ್ನೂ ಗೊತ್ತಾಗಿಲ್ಲ, ಅಂಟ್ಕೊಂಡೇ ಇದೆ.

*
ಮರು (ಹುಬ್ಬಳ್ಳಿಯಿಂದ ಬಂದು ಮೈಸೂರಾಗ ಇರಾಕಿ):

ಅಕ್ಕಾರ, ಎರಡನೇದಕ್ಕ ಯಾರೂ ಉತ್ರಾ ಕೊಟ್ಟಿಲ್ಲ. ನಮ್ಮ ಕಡೆ ಅಗಸಿ ಅಂದ್ರ ಹಿಂಡಿ ಮಾಡೂ ಕಾಳೂ ಹೌದು, ಊರ ಬಾಗಲಾನೂ ಹೌದು. ನಿಮ್ಮ ಕಡೆ ಸೊಪ್ಪಿನ ಗಿಡ. ‘ಅಗಸೆಬೀಜದ ಎಣ್ಣೆ’ ಅಂತ ಬೀಜ ಸೇರಿಸಿ ಬರೀರಿ, ಗೊಂದಲ ಇಲ್ಲ. ಚಿತ್ರಕಲಾ ಸಾಮಾನಿನ ಅಂಗಡ್ಯಾಗ ತಗೋರಿ ಅಂತನೂ ಹಾಕ್ರಿ. ಇಲ್ಲಾಂದ್ರ ಯಾರರೆ ಅಡಗಿಮನ್ಯಾಗಿಂದು ತರ್ತಾರ.

*
ಮರು (ಪಾಂಡವಪುರ):

ರಿಡ್ಜ್ ಅಂದ್ರೆ ಏಣು ಕಣಮ್ಮ. ಕುಂತಿಬೆಟ್ಟದ ಬುಡದಲ್ಲೇ ನಮ್ಮ ಹೊಲ. ಏಣು ಹಿಡಿದು ಹತ್ತು, ಕೊರಕಲಿಗೆ ಇಳೀಬೇಡ ಅಂತ ಹೈಕಳಿಗೆ ಹೇಳ್ತೀವಿ. ಚೀಟೀಲಿ ಇದನ್ನೂ ಹಾಕಿ: ಹತ್ತಿರದ ಏಣು ಚೂಪಾಗಿ ಬರೀರಿ, ದೂರದ್ದು ಮಾಸಲಾಗಿ. ದೂರದ ಬೆಟ್ಟ ನುಣ್ಣಗೆ ಅಂತ ದೊಡ್ಡೋರು ಸುಮ್ಮನೆ ಅಂದಿಲ್ಲ.

*
ಮರು (ಕೇಳಿದವಳು):

ಏಣು! ಚಾಮುಂಡಿಬೆಟ್ಟವನ್ನು ದಿನಾ ನೋಡುತ್ತೇನೆ, ಈ ಪದ ನಾಲಿಗೆಗೆ ಬರಲೇ ಇಲ್ಲ. ತುಂಬ ಉಪಕಾರ ಅಣ್ಣ. ಗಾದೆ ಮಾತ್ರ ಅರ್ಧವನ್ನೇ ಹೇಳುತ್ತದೆ. ದೂರ ಹೋದಂತೆ ಬೆಟ್ಟ ನುಣ್ಣಗಾಗುವುದಷ್ಟೇ ಅಲ್ಲ, ನೀಲಿಯೂ ಆಗುತ್ತದೆ. ನಡುವಿನ ಗಾಳಿ ಬೆಳಕನ್ನು ಚದುರಿಸುವುದರಿಂದ. ಹೊಸಬರು ಹಿಂದಿನ ಬೆಟ್ಟಕ್ಕೂ ಮುಂದಿನದರ ಹಸಿರನ್ನೇ ಬಳಿದು, ಎರಡೂ ಒಂದಕ್ಕೊಂದು ಮೆತ್ತಿಕೊಂಡವು ಅಂತ ಅಳುತ್ತಾರೆ.

*
ಮರು (ಮೇಷ್ಟ್ರು):

ನೀಲಿ ನಮ್ಮವರಿಗೆ ಗೊತ್ತಿತ್ತು. ವಿಷ್ಣುವರ್ಧನನ ದಂಡನಾಯಕ ಪುಣಿಸ ನೀಲಾದ್ರಿಯನ್ನು ಗೆದ್ದದ್ದನ್ನು 1117ರ ಚಾಮರಾಜನಗರದ ಶಾಸನ ಹೇಳುತ್ತದೆ. ನೀಲಾದ್ರಿ, ನೀಲಗಿರಿ. ಎರಡೂ ಸಂಸ್ಕೃತ ಅನ್ನುವುದನ್ನು ಮಂಡ್ಯದವರು ಗಮನಿಸಬೇಕು.

*
ಮರು (ಮಂಡ್ಯ):

ಶಾಸನ ಕೊರೆಸಿದವರು ಹಾಗೆ ಬರೆಸಿದರು. ಬೆಟ್ಟದಲ್ಲಿ ಇದ್ದವರು ಏನನ್ನುತ್ತಿದ್ದರು ಅಂತ ಯಾರು ಕೇಳಿದರು?

*
ಮರು (ಕೇಳಿದವಳು):

ಚೀಟಿ ಅಚ್ಚಿಗೆ ಕೊಟ್ಟು ಬಂದೆ. ಕೊನೆಗೆ ಹೀಗೆ: “ಕ್ಯಾನ್ವಾಸಿಗೆ ಎರಡು ಸಲ ಬಿಳಿ ಜೆಸ್ಸೊ ಬಳಿದು, ಇಡೀ ಒಂದು ದಿನ ಒಣಗಿಸಿ ತನ್ನಿ. ಅಗಸೆಬೀಜದ ಎಣ್ಣೆಯನ್ನು ಚಿತ್ರಕಲಾ ಸಾಮಾನಿನ ಅಂಗಡಿಯಲ್ಲೇ ಕೊಳ್ಳಿ. ಮೊದಲು ಬೆಟ್ಟದ ಏಣುಗಳನ್ನು ಗುರುತು ಹಾಕಿಕೊಳ್ಳುತ್ತೇವೆ.” ಅಂಗಡಿಯ ಡಬ್ಬದ ಮೇಲೆ ಏನಿದೆಯೋ ಅದನ್ನೇ ಹಾಕಬೇಕಾಯಿತು, ಮೇಷ್ಟ್ರು ಕ್ಷಮಿಸಬೇಕು.

*
ಮರು (ಮಂಡ್ಯ):

‘ಬಳಿದು’ ಸರಿ, ‘ಏಣು’ ಸರಿ. ಜೆಸ್ಸೊ ನಿಮ್ಮ ತಲೆಯ ಮೇಲೆ. ಭಾನುವಾರ ಎಷ್ಟು ಹೊತ್ತಿಗೆ ಶುರು? ನಮ್ಮ ಮಗಳೂ ಬರಬೇಕು ಅಂತಿದ್ದಾಳೆ.