ಮೊಮ್ಮಗನ ಬೋಧನಾ ಮಾಧ್ಯಮವನ್ನು ಆರಿಸುವ ಅಧಿಕಾರ ಅಜ್ಜನಿಗಿದೆಯೇ?

ಪ್ರಶ್ನೆ: ನಿವೃತ್ತ ಅಧ್ಯಾಪಕ, ಬದಿಯಡ್ಕ

ಮೂವತ್ತೊಂದು ವರ್ಷ ಕನ್ನಡ ಕಲಿಸಿ ನಿವೃತ್ತನಾದವನು ನಾನು. 2017ರಲ್ಲಿ ಕೇರಳ ಸರಕಾರವು ಹತ್ತನೆಯ ತರಗತಿಯವರೆಗೆ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸಿದಾಗ ಅದನ್ನು ವಿರೋಧಿಸಿ ಬೀದಿಗಿಳಿದ ಕಾಸರಗೋಡಿನ ಕನ್ನಡಿಗರಲ್ಲಿ ನಾನೂ ಒಬ್ಬ. ಅಂದು ಹಿಡಿದಿದ್ದ ಫಲಕ ಇಂದಿಗೂ ಅಟ್ಟದ ಮೇಲೆ ಅಡಿಕೆ ಗೋಣಿಗಳ ಹಿಂದೆ ಇದೆ.

ಈಗ ಮೊಮ್ಮಗನನ್ನು ಒಂದನೆಯ ತರಗತಿಗೆ ಸೇರಿಸಬೇಕಾಗಿದೆ. ಹತ್ತಿರದ ಶಾಲೆಯಲ್ಲಿ ಎರಡೂ ಮಾಧ್ಯಮಗಳಿವೆ. ಮಗನೂ ಸೊಸೆಯೂ ಮಲಯಾಳ ಮಾಧ್ಯಮವೇ ಇರಲಿ ಎನ್ನುತ್ತಾರೆ. ಕನ್ನಡ ವಿಭಾಗದಲ್ಲಿ ಮಕ್ಕಳು ಕಡಿಮೆಯಾದರೆ ಡಿವಿಷನ್ ಹೋಗುತ್ತದೆ, ಡಿವಿಷನ್ ಹೋದರೆ ಅಧ್ಯಾಪಕರ ಹುದ್ದೆಯೂ ಹೋಗುತ್ತದೆ ಎಂಬ ಆತಂಕದಲ್ಲಿ, ಮನೆಯಲ್ಲಿ ಯಾರನ್ನೂ ಕೇಳದೆ, ನಾನೇ ಮುಖ್ಯೋಪಾಧ್ಯಾಯರ ಬಳಿಗೆ ಹೋಗಿ ಅವನ ಹೆಸರನ್ನು ಕನ್ನಡ ವಿಭಾಗಕ್ಕೆ ಬರೆಸಿ ಬಂದೆ. ಸೊಸೆ ಜಗಳವಾಡಲಿಲ್ಲ. “ಮಾವ, ಸರಕಾರ ನಿಮ್ಮನ್ನು ಕೇಳದೆ ಕಡ್ಡಾಯ ಮಾಡಿತೆಂದಲ್ಲವೇ ನೀವು ಅಂದು ಧರಣಿ ಕೂತದ್ದು?” ಎಂದಷ್ಟೇ ಕೇಳಿ, ಕಾವಲಿಯ ಮೇಲಿದ್ದ ದೋಸೆ ಮಗುಚಲು ಒಳಗೆ ಹೋದಳು. ನಾನು ಮಾಡಿದ್ದು ಭಾಷೆಯ ರಕ್ಷಣೆಯೋ, ಇನ್ನೊಬ್ಬರ ಸ್ವಾತಂತ್ರ್ಯದ ಮೇಲಿನ ಅತಿಕ್ರಮಣವೋ ಎಂಬುದನ್ನು ತಿಳಿದವರು ಹೇಳಬೇಕು.

ಉತ್ತರ 1: ಚಂದ್ರಗಿರಿ ತೀರದ ವಕೀಲ

ಮಾಸ್ತರರೇ, ಕಾನೂನಿನ ಮಟ್ಟಿಗೆ ನಿಮ್ಮ ಸೊಸೆಯ ಮಾತೇ ಸರಿ. ಸಂವಿಧಾನದ 350ಎ ವಿಧಿಯು ಏಳನೆಯ ತಿದ್ದುಪಡಿಯ ಮೂಲಕ ಬಂದದ್ದು 1956ರಲ್ಲಿ, ಅಂದರೆ ರಾಜ್ಯಗಳ ಪುನರ್ವಿಂಗಡಣೆಯಾಗಿ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ ವರ್ಷವೇ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಒದಗಿಸಲು ಸರಕಾರ ಪ್ರಯತ್ನಿಸಬೇಕು ಎನ್ನುತ್ತದೆ ಆ ವಿಧಿ. ಬೇಕೆಂದವರಿಗೆ ಬಾಗಿಲು ತೆರೆದಿರಬೇಕು ಎಂಬುದು ಅದರ ತಾತ್ಪರ್ಯವೇ ಹೊರತು, ಎಲ್ಲರೂ ಆ ಬಾಗಿಲಿನಿಂದಲೇ ಒಳಗೆ ಬರಬೇಕೆಂದು ಅದು ಹೇಳುವುದಿಲ್ಲ.

ನಮಗೆ ಕಹಿಯಾದರೂ ನೆನಪಿಡಬೇಕಾದ ತೀರ್ಪೊಂದಿದೆ. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಬೋಧನಾ ಮಾಧ್ಯಮವಾಗಿರಬೇಕೆಂದು ಕರ್ನಾಟಕ ಸರಕಾರ 1994ರಲ್ಲಿ ಹೊರಡಿಸಿದ ಆದೇಶದ ವಿವಾದದಲ್ಲಿ, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು 2014ರ ಮೇ 6ರಂದು, ಮಾಧ್ಯಮದ ಆಯ್ಕೆ 19ನೆಯ ವಿಧಿಯ ಸ್ವಾತಂತ್ರ್ಯದ ಒಂದು ಭಾಗ, ಅದು ಮಗುವಿನದು, ಮಗುವಿನ ಪರವಾಗಿ ತಂದೆತಾಯಿಯದು ಎಂದು ಹೇಳಿತು. ತೀರ್ಪಿನಲ್ಲಿ ಅಜ್ಜನ ಪ್ರಸ್ತಾಪವಿಲ್ಲ (ನನಗೂ ಇಬ್ಬರು ಮೊಮ್ಮಕ್ಕಳಿರುವುದರಿಂದ ಇದನ್ನು ಬೇಸರದಿಂದಲೇ ಬರೆಯುತ್ತಿದ್ದೇನೆ). ಇದೇ ತತ್ತ್ವ ಬೆಂಗಳೂರಿನಲ್ಲಿ ಕನ್ನಡದ ಕಡ್ಡಾಯವನ್ನು ತಡೆಯಿತೆಂದು ನಾವು ನೊಂದುಕೊಳ್ಳಬಹುದು. ಆದರೆ ತಿರುವನಂತಪುರದ ಕಡ್ಡಾಯದ ವಿರುದ್ಧ ಕನ್ನಡ ಮಾಧ್ಯಮ ಬೇಕೆನ್ನುವ ಹೆತ್ತವರು ವಾದಿಸಲು ನಿಂತರೆ ಅವರ ಕೈಗೆ ಆಧಾರವಾಗಿ ಸಿಗುವುದೂ ಅದೇ.

ಉತ್ತರ 2: ಮಂಜೇಶ್ವರದಿಂದ

ವಕೀಲರ ಮಾತನ್ನು ನಾನು ಪೂರ್ಣವಾಗಿ ಒಪ್ಪಲಾರೆ. ಒಂದು ತಕ್ಕಡಿಯಲ್ಲಿ ಮೊದಲೇ ಕಲ್ಲಿಟ್ಟು, ಬೇಕಾದ್ದನ್ನು ಆರಿಸಿಕೊಳ್ಳಿ ಎಂದರೆ ಅದು ಯಾವ ಆಯ್ಕೆ? ಕನ್ನಡ ತಿಳಿಯದವರನ್ನು ಕನ್ನಡ ಮಾಧ್ಯಮದ ತರಗತಿಗೆ ಅಧ್ಯಾಪಕರನ್ನಾಗಿ ಕಳುಹಿಸಿದ ಪ್ರಸಂಗಗಳು ನಮ್ಮ ಜಿಲ್ಲೆಯಲ್ಲಿ ನಡೆದಿವೆ. ಮಕ್ಕಳೇ ತರಗತಿ ಬಿಟ್ಟು ಹೊರಗೆ ಬಂದು ಪ್ರತಿಭಟಿಸಿದ್ದಾರೆ. ಅಂಥ ಸುದ್ದಿಯನ್ನು ಓದಿದ ತಾಯಿ ಮಲಯಾಳ ಮಾಧ್ಯಮವೇ ಸಾಕು ಎಂದರೆ ಅದನ್ನು ಅವಳ ಇಷ್ಟವೆಂದು ಬರೆದುಕೊಳ್ಳಬೇಕೋ, ದಣಿವೆಂದೋ? ಆದ್ದರಿಂದ ಮಾಸ್ತರರ ಆತಂಕವನ್ನು ಹಟವೆಂದು ತಳ್ಳಿಹಾಕಬೇಡಿ. ಅವರು ಹೋದ ಶಾಲೆ ಸರಿಯಾದದ್ದೇ, ಒಯ್ದ ಬೇಡಿಕೆ ಮಾತ್ರ ತಪ್ಪು. ಕನ್ನಡ ಬಲ್ಲ ಅಧ್ಯಾಪಕರು ಬೇಕೆಂದು ಅರ್ಜಿ ಹಿಡಿದು ಹೋಗಿದ್ದರೆ ಸೊಸೆಯೂ ಅದಕ್ಕೆ ಸಹಿ ಹಾಕುತ್ತಿದ್ದಳೋ ಏನೋ.

ಉತ್ತರ 3: ಮನೆಮಾತು ತುಳು

ಎಲ್ಲರೂ ಮಾತೃಭಾಷೆ ಎನ್ನುತ್ತಿರುವುದರಿಂದ ಒಂದು ಮಾತು. ನಮ್ಮ ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಹವ್ಯಕ ಕನ್ನಡ, ಗುಡ್ಡದಾಚೆ ಬ್ಯಾರಿ, ಮರಾಠಿ, ಕೊಂಕಣಿ. ಶಾಲೆಗೆ ಸೇರಿಸುವಾಗ ನನ್ನ ತಂದೆಯನ್ನು ಯಾರೂ ತುಳುವಿನ ಬಗ್ಗೆ ಕೇಳಲಿಲ್ಲ. ಕನ್ನಡ ಎಂದು ಬರೆದುಕೊಂಡರು. ನಾನು ಕನ್ನಡವನ್ನು ಪ್ರೀತಿಯಿಂದಲೇ ಕಲಿತೆ, ಇಂದೂ ಅದರಲ್ಲೇ ಬರೆಯುತ್ತೇನೆ. ಆದರೆ ನಮಗೆ ಅನ್ಯಾಯವಾಯಿತೆಂದು ಕನ್ನಡಿಗರು ಹೇಳುವಾಗಲೆಲ್ಲ ಆ ಕೇಳದೇ ಉಳಿದ ಪ್ರಶ್ನೆ ನನಗೆ ನೆನಪಾಗುತ್ತದೆ.

ಇನ್ನೊಂದು ವಿಷಯ. ಕಾಸರಗೋಡಿನ ಕೆಲವು ಕ್ಲರ್ಕ್ ಹುದ್ದೆಗಳಿಗೆ ಕನ್ನಡ ಮತ್ತು ಮಲಯಾಳ ಎರಡನ್ನೂ ಬಲ್ಲವರು ಬೇಕೆಂದು ಕೇರಳ ಪಿಎಸ್‌ಸಿಯೇ ಅರ್ಜಿ ಕರೆಯುತ್ತದೆ. ಮಗುವಿಗೆ ಎರಡೂ ಬರಲಿ ಎಂದರೆ ನಿಮ್ಮ ಮಗ ಬೇಡವೆನ್ನುವರೇ?

ಪ್ರಶ್ನೆ ಕೇಳಿದವರ ಮರುನುಡಿ

ಎಲ್ಲರಿಗೂ ಕೃತಜ್ಞತೆಗಳು. ತುಳು ಮನೆಮಾತಿನವರ ಉತ್ತರವನ್ನು ಎರಡು ಸಲ ಓದಿದೆ. ಸೇವೆಯಲ್ಲಿದ್ದಾಗ ದಾಖಲಾತಿ ಪುಸ್ತಕದಲ್ಲಿ ಹಾಗೆ ಬರೆದುಕೊಂಡವರಲ್ಲಿ ನಾನೂ ಇದ್ದೆ.

ನಿನ್ನೆ ಶಾಲೆಗೆ ಹೋಗಿ ಹೆಸರನ್ನು ಹಿಂದೆಗೆದುಕೊಂಡೆ. ಮುಖ್ಯೋಪಾಧ್ಯಾಯರು ಬೇಸರಿಸಿಕೊಂಡರು, ಅದು ಸಹಜ. ಅರ್ಜಿ ಈಗ ಮಗ ಮತ್ತು ಸೊಸೆಯ ಬಳಿ ಇದೆ. ಮಾಧ್ಯಮದ ಕಾಲಂ ಇನ್ನೂ ಖಾಲಿಯಾಗಿದೆ. ಅವರು ಯಾವುದನ್ನೇ ತುಂಬಿದರೂ, ಸಂಜೆ ಅರ್ಧ ಗಂಟೆ ಅವನಿಗೆ ಕನ್ನಡ ಅಕ್ಷರ ಕಲಿಸಬಹುದೇ ಎಂದು ಈ ಸಲ ಮೊದಲು ಕೇಳಿದೆ. ಸೊಸೆ ಒಪ್ಪಿದಳು. ಮೊಮ್ಮಗ ಮಾತ್ರ, ಅದು ತಾನು ಚೆಂಡಾಡುವ ಹೊತ್ತು, ತನ್ನನ್ನು ಯಾರೂ ಕೇಳಲಿಲ್ಲ ಎಂದು ತಕರಾರು ಎತ್ತಿದ್ದಾನೆ. ಮಾತುಕತೆ ನಡೆಯುತ್ತಿದೆ.