ಒಂದೇ ಗ್ರಾಫ್‌ಗೆ ಫಾಂಟ್ ದೊಡ್ಡದು ಮಾಡ್ದೆ, ನೋಟ್‌ಬುಕ್ಕೆಲ್ಲಾ ಕೆಟ್ಟೋಯ್ತು (ಪೈಥಾನ್‌ನಲ್ಲಿ ಗ್ರಾಫ್ ಬಿಡಿಸೋ ಮ್ಯಾಟ್‌ಪ್ಲಾಟ್‌ಲಿಬ್ 3.8)

ಪ್ರಶ್ನೆ:
ಕೆಆರ್‌ಎಸ್ ನೀರಿನ ಮಟ್ಟದ ಡೇಟಾ ಇಟ್ಕೊಂಡು ಜೂಪಿಟರ್‌ನಲ್ಲಿ (ಕೋಡನ್ನ ಸೆಲ್ ಸೆಲ್ ಆಗಿ ರನ್ ಮಾಡೋ ನೋಟ್‌ಬುಕ್) ಹನ್ನೆರಡು ಗ್ರಾಫ್ ಮಾಡಿದೀನಿ. ಅದ್ರಲ್ಲಿ ಒಂದು ಮಾತ್ರ ಸ್ಲೈಡ್‌ಗೆ ಹೋಗ್ಬೇಕು, ಕೊನೇ ಸಾಲಲ್ಲಿ ಕೂತವ್ರಿಗೂ 124.80 ಅಡಿ ಅನ್ನೋದು ಕಾಣ್ಲಿ ಅಂತ ಆರ್‌ಸಿಪ್ಯಾರಮ್ಸ್‌ನಲ್ಲಿ (ಎಲ್ಲಾ ಗ್ರಾಫ್‌ಗೂ ಹತ್ತೋ ಸೆಟ್ಟಿಂಗ್ ಪಟ್ಟಿ) ಫಾಂಟ್ ಸೈಜ್ 10 ಇದ್ದದ್ದನ್ನ 22 ಮಾಡ್ದೆ. ಅದೇನೋ ಚೆನ್ನಾಗ್ ಬಂತು, ಆದ್ರೆ ಆಮೇಲೆ ರನ್ ಮಾಡಿದ್ದ್ರಲ್ಲೆಲ್ಲಾ ತಿಂಗಳ ಹೆಸ್ರು ಒಂದ್ರ ಮೇಲೊಂದು ಹತ್ಕೊಂಡು ಕೂತಿವೆ. ಸರಿ ಅಂತ ಆರ್‌ಸಿಡಿಫಾಲ್ಟ್ಸ್ ಹಾಕಿದ್ರೆ ಮೊದಲ್ನೇ ಸೆಲ್‌ನಲ್ಲಿ ನಾನೇ ಇಟ್ಟಿದ್ದ ಗ್ರಿಡ್, ಫಿಗರ್ ಸೈಜ್ ಎಲ್ಲಾ ಹೊರಟೋಯ್ತು. ಏನ್ ಮಾಡೋದು?

ಉತ್ತರ 1:
ಆರ್‌ಸಿಡಿಫಾಲ್ಟ್ಸ್ ಫ್ಯಾಕ್ಟರಿ ರೀಸೆಟ್ ಇದ್ದಂಗೆ ಗುರು, ನಿಮ್ ಸೆಟ್ಟಿಂಗೂ ಅದೇ ಏಟಿಗೆ ಹೋಗತ್ತೆ. ನಿಮಗೆ ಬೇಕಾಗಿರೋದು ಸ್ವಲ್ಪ ಹೊತ್ತಿಗೆ ಮಾತ್ರ ಸೆಟ್ಟಿಂಗ್ ಬದಲಾಯ್ಸೋ ಆರ್‌ಸಿ_ಕಾಂಟೆಕ್ಸ್ಟ್. ವಿತ್ ಪಿಎಲ್‌ಟಿ.ಆರ್‌ಸಿ_ಕಾಂಟೆಕ್ಸ್ಟ್ ಅಂತ ಬರ್ದು ಬ್ರಾಕೆಟ್ ಒಳಗೆ ಫಾಂಟ್.ಸೈಜ್ 22 ಅಂತ ಡಿಕ್ಷನರಿ ಕೊಡಿ, ಆ ಗ್ರಾಫಿನ ಕೋಡ್ ಪೂರ್ತಿ ಅದ್ರ ಕೆಳಗೆ ಇಂಡೆಂಟ್ ಮಾಡಿ. ಬ್ಲಾಕ್ ಮುಗಿದ ತಕ್ಷಣ ಮುಂಚೆ ಏನಿತ್ತೋ ಅದೇ ವಾಪಸ್ ಬರತ್ತೆ, ಮಧ್ಯ ಎರರ್ ಬಂದು ನಿಂತ್ರೂ ಬರತ್ತೆ, ಅದೇ ಇದ್ರ ಮಜಾ. ಕೈಯಾರೆ 22 ಮಾಡಿ ಕೊನೇಲಿ 10 ಮಾಡೋರು ಎರರ್ ಬಂದಾಗ್ಲೇ ಸಿಕ್ಕಾಕೊಳ್ಳೋದು. ಡಾರ್ಕ್ ಬ್ಯಾಕ್‌ಗ್ರೌಂಡ್ ತರ ಇಡೀ ಸ್ಟೈಲೇ ಸ್ವಲ್ಪ ಹೊತ್ತಿಗೆ ಬೇಕಂದ್ರೆ ಸ್ಟೈಲ್.ಕಾಂಟೆಕ್ಸ್ಟ್ ಇದೆ.

ಕೇಳಿದವರು:
ಸೈಜ್ ಸರಿ ಹೋಯ್ತು ಥ್ಯಾಂಕ್ಸ್! ಆದ್ರೆ ಅದೇ ಬ್ಲಾಕ್‌ನಲ್ಲಿ ಫಾಂಟ್.ಸ್ಯಾನ್ಸ್-ಸೆರಿಫ್‌ಗೆ ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಕೊಟ್ಟಿದ್ದೆ, ಅದು ಹಿಡೀಲೇ ಇಲ್ಲ, ಟೈಟಲ್ ಬರೀ ಡಬ್ಬಿ ಡಬ್ಬಿ. ಫಾಂಟ್ ಇನ್‌ಸ್ಟಾಲ್ ಆಗಿದೆ, ಹೊರಗಡೆ ಸೆಟ್ ಮಾಡಿದ್ರೆ ಬರತ್ತೆ.

ಉತ್ತರ 2:
ನಾನೂ ಒಂದ್ಸಲ ಇದಕ್ಕೆ ಅರ್ಧ ದಿನ ಕಳ್ದಿದೀನಿ. ಎಲ್ಲಾ ಸೆಟ್ಟಿಂಗೂ ಒಂದೇ ಟೈಮಲ್ಲಿ ಓದ್ಕೊಳ್ಳಲ್ಲ. ಟೈಟಲ್ ಸೈಜು, ಗೆರೆ ದಪ್ಪ ಇವೆಲ್ಲಾ ಆ ವಸ್ತು ಹುಟ್ಟೋವಾಗ್ಲೇ ಅಂಟ್ಕೊಳ್ಳತ್ತೆ, ಸ್ಯಾನ್ಸ್-ಸೆರಿಫ್ ಅಂದ್ರೆ ಯಾವ ಫಾಂಟು ಅನ್ನೋದನ್ನ ಮಾತ್ರ ಚಿತ್ರ ಬಿಡಿಸೋವಾಗ ಹುಡುಕತ್ತೆ. ಸೇವ್‌ಫಿಗ್.ಡಿಪಿಐ (ಸೇವ್ ಆಗೋ ಚಿತ್ರದ ರೆಸಲ್ಯೂಶನ್) ಕೂಡ ಹಂಗೇ, ಸೇವ್ ಮಾಡೋವಾಗ ನೋಡತ್ತೆ. ಜೂಪಿಟರ್ ಇನ್‌ಲೈನ್‌ನಲ್ಲಿ (ಸೆಲ್ ಕೆಳಗೇ ಚಿತ್ರ ತೋರ್ಸೋ ಮೋಡ್) ನೀವು ಶೋ ಕೊಡದಿದ್ರೆ ಚಿತ್ರ ಬರೋದು ಸೆಲ್ ಮುಗಿದ್ಮೇಲೆ, ಅಷ್ಟೊತ್ತಿಗೆ ನಿಮ್ ಬ್ಲಾಕ್ ಮುಗಿದು ಹಳೇ ಡೆಜಾವು ಸ್ಯಾನ್ಸ್ ಫಾಂಟ್ ವಾಪಸ್ ಬಂದಿರತ್ತೆ, ಅದ್ರಲ್ಲಿ ಕನ್ನಡ ಅಕ್ಷರಾನೇ ಇಲ್ಲ. ಸೇವ್‌ಫಿಗ್, ಶೋ ಎರಡನ್ನೂ ವಿತ್ ಒಳಗಡೆನೇ ಬರೀರಿ.

ಉತ್ತರ 1:
ಅಯ್ಯೋ ಹೌದು, ಅದನ್ನ ಹೇಳ್ಬೇಕಿತ್ತು. ಫಂಕ್ಷನ್ ಮಾಡ್ಕೊಂಡಿದ್ರೆ ಅದ್ರ ತಲೆ ಮೇಲೆ ಡೆಕೊರೇಟರ್ ತರಾನೂ (ಮೊದಲು @ ಹಾಕಿ) ಆರ್‌ಸಿ_ಕಾಂಟೆಕ್ಸ್ಟ್ ಹಾಕ್ಬೋದು, ಇಂಡೆಂಟ್ ಕಾಟ ಇರಲ್ಲ.

ಕೇಳಿದವರು:
ಡಬ್ಬಿ ಹೋಯ್ತು! ಆದ್ರೆ ‘ಅಕ್ಟೋಬರ್’ನಲ್ಲಿ ಟ ಒತ್ತು ಕೆಳಗೆ ಬರದೆ ಪಕ್ಕದಲ್ಲಿ ಬಂದು ನಿಂತಿದೆ 😅

ಉತ್ತರ 2:
ಅದು ಸೆಟ್ಟಿಂಗ್ ತಪ್ಪಲ್ಲ, 3.8ರ ಮಾಮೂಲಿ ಬ್ಯಾಕೆಂಡ್‌ಗೆ (ಒಳಗಡೆ ಚಿತ್ರ ಬಿಡಿಸೋ ಭಾಗ) ಒತ್ತಕ್ಷರ ಜೋಡ್ಸೋಕೇ ಬರಲ್ಲ. ಎಂಪಿಎಲ್‌ಕೈರೋ ಅಂತ ಬೇರೆ ಬ್ಯಾಕೆಂಡ್ ಇದೆ, ಅದು ಸರಿಯಾಗಿ ಜೋಡ್ಸತ್ತೆ. ಆದ್ರೆ ಬ್ಯಾಕೆಂಡನ್ನ ಆರ್‌ಸಿ_ಕಾಂಟೆಕ್ಸ್ಟ್ ಒಳಗೆ ಹಾಕಕ್ಕೆ ಹೋಗ್ಬೇಡಿ, ಅದೊಂದನ್ನ ಅದು ವಾಪಸ್ ತರಲ್ಲ.