‘ಟು’ ಬರಬೇಕೇ, ‘ಇಂಗ್’ ಬರಬೇಕೇ? ಇಂಗ್ಲಿಷ್ ಕ್ರಿಯಾಪದಗಳ ಮುಂದಿನ ಗೊಂದಲ

ಪ್ರಶ್ನೆ

ದ್ವಿತೀಯ ಪಿಯುಸಿ ಓದುತ್ತಿರುವ ನನ್ನ ಮಗಳ ಇಂಗ್ಲಿಷ್ ಉತ್ತರ ಪತ್ರಿಕೆಯಲ್ಲಿ ಮೂರು ವಾಕ್ಯಗಳ ಕೆಳಗೆ ಕೆಂಪು ಗೆರೆ ಬಿದ್ದಿದೆ: ‘ಐ ಫಿನಿಶ್ಡ್ ಟು ರೈಟ್’, ‘ಶಿ ಸಜೆಸ್ಟೆಡ್ ಮಿ ಟು ಗೋ’, ‘ಐ ಲುಕ್ ಫಾರ್ವರ್ಡ್ ಟು ಮೀಟ್ ಯು’. ಮೂರನೆಯದರಲ್ಲಿ ‘ಟು’ ಇರಲೇಬೇಕಲ್ಲ, ತಪ್ಪೆಲ್ಲಿದೆ? ಗೈಡಿನಲ್ಲಿ ಜೆರಂಡ್‌ಗೆ (‘ರೈಟಿಂಗ್’ನಂಥ ‘ಇಂಗ್’ ರೂಪ) ಒಂದು, ಇನ್ಫಿನಿಟಿವ್‌ಗೆ (‘ಟು ರೈಟ್’ನಂಥ ‘ಟು’ ರೂಪ) ಒಂದು ಉದ್ದನೆಯ ಪಟ್ಟಿ ಇದೆ. ಬಾಯಿಪಾಠ ಮಾಡುತ್ತಾಳೆ, ಪರೀಕ್ಷೆಯಲ್ಲಿ ಎರಡೂ ಕಲಸಿಹೋಗುತ್ತವೆ. ಬೇರೆ ದಾರಿ ಇದೆಯೇ?

ಉತ್ತರ 1

ಮೂರನೆಯದನ್ನೇ ಮೊದಲು ನೋಡೋಣ. ಅಲ್ಲಿನ ‘ಟು’ ಇನ್ಫಿನಿಟಿವ್‌ನದಲ್ಲ, ಅದು ಪ್ರಿಪೊಸಿಷನ್, ಅಂದರೆ ‘ಇನ್’, ‘ಆಟ್’ಗಳಂತೆ ನಾಮಪದಕ್ಕೆ ಮೊದಲು ಬರುವ ಪದ. ಪರೀಕ್ಷಿಸುವುದು ಸುಲಭ: ‘ಟು’ ಆದ ಮೇಲೆ ಒಂದು ನಾಮಪದ ಇಟ್ಟು ನೋಡಿ. ‘ಲುಕ್ ಫಾರ್ವರ್ಡ್ ಟು ದ ಹಾಲಿಡೇಸ್’ ಸರಿಯಾಗಿ ಕೂರುತ್ತದೆ. ಆದ್ದರಿಂದ ಕ್ರಿಯಾಪದ ಬಂದರೆ ‘ಮೀಟಿಂಗ್ ಯು’ ಆಗಬೇಕು. ‘ಡಿಸೈಡ್ ಟು ದ ಹಾಲಿಡೇಸ್’ ಎನ್ನಲಾಗದು. ಹಾಗಾಗಿ ‘ಡಿಸೈಡ್ ಟು ಗೋ’. ‘ಇಂಟರೆಸ್ಟೆಡ್ ಇನ್’, ‘ಗುಡ್ ಆಟ್’, ‘ಯೂಸ್ಡ್ ಟು’ (ರೂಢಿಯಾಗಿದೆ ಎಂಬ ಅರ್ಥದಲ್ಲಿ) ಇವುಗಳ ಮುಂದೆಯೂ ‘ಇಂಗ್’ ರೂಪವೇ.

ಉಳಿದವಕ್ಕೆ ಒಂದು ಒಲವು ಇದೆ, ನಿಯಮವಲ್ಲ. ಇನ್ನೂ ನಡೆಯದ, ಮನಸ್ಸು ಮುಂದಕ್ಕೆ ಚಾಚುವ ಕೆಲಸಕ್ಕೆ ‘ಟು’: ವಾಂಟ್, ಹೋಪ್, ಪ್ಲ್ಯಾನ್, ಪ್ರಾಮಿಸ್, ರಿಫ್ಯೂಸ್. ಆಗಲೇ ನಡೆದ ಅಥವಾ ನಡೆಯುತ್ತಿರುವ ಕೆಲಸಕ್ಕೆ ‘ಇಂಗ್’: ಎಂಜಾಯ್, ಫಿನಿಶ್, ಕೀಪ್, ಡಿನೈ, ಅಡ್ಮಿಟ್. ಬರೆಯುವ ಕೆಲಸ ನಡೆದೇ ಮುಗಿಯಬೇಕಲ್ಲವೇ? ಅದಕ್ಕೇ ‘ಫಿನಿಶ್ಡ್ ರೈಟಿಂಗ್’. ಈ ಒಲವಿಗೆ ಬಗ್ಗದೆ ‘ಇಂಗ್’ ಬೇಡುವ ಸಜೆಸ್ಟ್, ಕನ್ಸಿಡರ್, ಅವಾಯ್ಡ್, ಪೋಸ್ಟ್‌ಪೋನ್ ಇವನ್ನು ಮಾತ್ರ ಬಾಯಿಪಾಠ ಮಾಡಿಸಿ. ಪಟ್ಟಿ ಅಷ್ಟಕ್ಕೆ ಇಳಿದರೆ ಮಗುವಿನ ತಲೆ ಹಗುರವಾಗುತ್ತದೆ.

ಉತ್ತರ 2

ಎರಡೂ ರೂಪ ಬಂದು ಅರ್ಥವೇ ಬದಲಾಗುವ ಕ್ರಿಯಾಪದಗಳೂ ಇವೆ. ಮಕ್ಕಳು ಹೆಚ್ಚು ಹೆದರುವುದು ಇವಕ್ಕೆ. ಆದರೆ ಕನ್ನಡ ಬಲ್ಲವರಿಗೆ ಇವೇ ಸುಲಭ, ಏಕೆಂದರೆ ನಮ್ಮ ಭಾಷೆಯಲ್ಲಿ ಆ ವ್ಯತ್ಯಾಸ ಕಣ್ಣಿಗೆ ಕಾಣುವಂತಿದೆ.

‘ಸ್ಟಾಪ್ಡ್ ಡ್ರಿಂಕಿಂಗ್ ಟೀ’: ಚಹಾ ಕುಡಿಯುವುದನ್ನು ನಿಲ್ಲಿಸಿದರು. ‘ಸ್ಟಾಪ್ಡ್ ಟು ಡ್ರಿಂಕ್ ಟೀ’: ಚಹಾ ಕುಡಿಯಲು ನಿಂತರು.
‘ರಿಮೆಂಬರ್ ಲಾಕಿಂಗ್ ದ ಡೋರ್’: ಬೀಗ ಹಾಕಿದ್ದು ನೆನಪಿದೆ. ‘ರಿಮೆಂಬರ್ ಟು ಲಾಕ್’: ಬೀಗ ಹಾಕಲು ಮರೆಯಬೇಡ.
‘ರಿಗ್ರೆಟ್ ಸೇಯಿಂಗ್’: ಹೇಳಿದ್ದಕ್ಕೆ ಪಶ್ಚಾತ್ತಾಪ. ‘ರಿಗ್ರೆಟ್ ಟು ಸೇ’: ಹೇಳಲು ವಿಷಾದ.
‘ಟ್ರೈ ಓಪನಿಂಗ್ ದ ವಿಂಡೋ’: ಕಿಟಕಿ ತೆರೆದು ನೋಡಿ, ಸೆಕೆ ಕಡಿಮೆಯಾದೀತು. ‘ಟ್ರೈ ಟು ಓಪನ್’: ತೆರೆಯಲು ಪ್ರಯತ್ನಿಸಿ, ಕಿಟಕಿ ಬಿಗಿಯಾಗಿದೆ.

‘ಟು’ ಇರುವ ಕಡೆಯೆಲ್ಲ ಕನ್ನಡದಲ್ಲಿ ‘-ಅಲು’ ಬಂದಿರುವುದನ್ನು ಗಮನಿಸಿ. ಮಗಳಿಗೆ ಮೊದಲು ಕನ್ನಡದ ವಾಕ್ಯವನ್ನು ಗಟ್ಟಿಯಾಗಿ ಹೇಳಿಸಿ, ಆಮೇಲೆ ಇಂಗ್ಲಿಷ್ ಬರೆಸಿ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ಆದರೆ ಕನ್ನಡದಲ್ಲಿ ‘ಹೋಗಲು ಸೂಚಿಸಿದಳು’ ಎನ್ನುತ್ತೇವಲ್ಲ? ಅದನ್ನು ನಂಬಿದರೆ ಮತ್ತೆ ‘ಸಜೆಸ್ಟೆಡ್ ಮಿ ಟು ಗೋ’ ಎಂದೇ ಬರುತ್ತದೆ. ಬಿಗಿನ್, ಸ್ಟಾರ್ಟ್‌ಗಳ ಕಥೆಯೇನು?

ಉತ್ತರ 2

ಸರಿಯಾದ ಆಕ್ಷೇಪ. ಕನ್ನಡದ ಕೀಲಿಕೈ ನಾನು ಹೇಳಿದಂಥ, ಎರಡು ಅರ್ಥದ ಕ್ರಿಯಾಪದಗಳಿಗೆ ಮಾತ್ರ. ಸಜೆಸ್ಟ್‌ಗೆ ಅದನ್ನು ಹಾಕಬೇಡಿ. ಸಜೆಸ್ಟ್ ಆದ ಮೇಲೆ ವ್ಯಕ್ತಿ, ಅದರ ಮೇಲೆ ‘ಟು’ ಎಂಬ ಕಟ್ಟೇ ಇಂಗ್ಲಿಷಿನಲ್ಲಿ ಒಪ್ಪಿತವಲ್ಲ. ‘ಸಜೆಸ್ಟೆಡ್ ಗೋಯಿಂಗ್’ ಎಂದರೆ ಹೋಗುವವರಲ್ಲಿ ಸೂಚಿಸಿದವಳೂ ಇರಬಹುದು. ಮಗಳೊಬ್ಬಳೇ ಹೋಗಬೇಕೆಂದಿದ್ದರೆ ‘ಸಜೆಸ್ಟೆಡ್ ದಟ್ ಐ ಗೋ’ ಬರೆಯಲಿ, ಇಲ್ಲವೇ ಕ್ರಿಯಾಪದವನ್ನೇ ಬದಲಿಸಿ ‘ಅಡ್ವೈಸ್ಡ್ ಮಿ ಟು ಗೋ’ ಎನ್ನಲಿ.

ಬಿಗಿನ್, ಸ್ಟಾರ್ಟ್, ಕಂಟಿನ್ಯೂ ಆದ ಮೇಲೆ ಸಾಮಾನ್ಯವಾಗಿ ಯಾವುದು ಬಂದರೂ ನಡೆಯುತ್ತದೆ. ‘ಸ್ಟಾರ್ಟಿಂಗ್’ ಎಂದು ಆಗಲೇ ಒಂದು ‘ಇಂಗ್’ ಬಂದಿದ್ದರೆ ಮಾತ್ರ ಇನ್ನೊಂದನ್ನು ಪಕ್ಕದಲ್ಲಿ ಕೂರಿಸಬೇಡಿ: ‘ಇಟ್ ಈಸ್ ಸ್ಟಾರ್ಟಿಂಗ್ ಟು ರೇನ್’.